ವೀರಗಲ್ಲು ನೋಡಲು ಕೊಂಡ ಟಾರ್ಚ್: ಎರಡು ವರ್ಷದ ನಂತರ

ಈ ಟಾರ್ಚ್ ಎಷ್ಟು ದೂರ ಬೆಳಕು ಬಿಡುತ್ತದೆ, ಎಷ್ಟು ಗಂಟೆ ಉರಿಯುತ್ತದೆ ಅನ್ನೋದೆಲ್ಲ ಡಬ್ಬದ ಮೇಲೇ ಇದೆ. ನಾನು ಕೊಂಡಿದ್ದು ಕಲ್ಲು ನೋಡೋಕೆ. 850 ರೂಪಾಯಿ. ಸಾವಿರ ದಾಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ.

ನಮ್ಮೂರು ಶಿಕಾರಿಪುರದ ಹತ್ತಿರ. ಬಳ್ಳಿಗಾವಿ ಸುತ್ತಮುತ್ತ ಓಡಾಡಿಕೊಂಡೇ ಬೆಳೆದವಳು. ನಮ್ಮ ಕಡೆ ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದವರ ಕಲ್ಲು ಜಾಸ್ತಿ. ಮದುವೆಯಾಗಿ ಮುಂಬೈಯ ಬೋರಿವಲಿಗೆ ಬಂದೆ. ಇಲ್ಲೇ ಎಕ್ಸರ್‌ನಲ್ಲಿ ಆಳೆತ್ತರದ ವೀರಗಲ್ಲುಗಳಿವೆ, ಅವುಗಳಲ್ಲಿ ಹಡಗಿನ ಕಾಳಗವಿದೆ ಅಂತ ಗೊತ್ತಾಗೋಕೆ ಒಂಬತ್ತು ವರ್ಷ ಬೇಕಾಯಿತು.

ಶನಿವಾರ ರಾತ್ರಿ ಟಾರ್ಚನ್ನು ಅಡುಗೆಮನೆಯ ಪ್ಲಗ್ಗಿಗೆ ಹಾಕುತ್ತೇನೆ. ಡಿಕಾಕ್ಷನ್ನೂ ಆಗಲೇ ಇಳಿಸಿಡುತ್ತೇನೆ. ಭಾನುವಾರ ಬೆಳಕು ಹರಿಯುವ ಮುಂಚೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೊರಡುತ್ತೇನೆ. ಮೊದಲು ಕೈಮುಗಿಯೋದು. ಆಮೇಲೆ ಮೆತ್ತನೆ ಬ್ರಷ್ಷಿನಿಂದ ಟಾರ್ಚಿನ ಗಾಜು ಒರೆಸೋದು. ಕಲ್ಲನ್ನು ಮುಟ್ಟೋದಿಲ್ಲ. ಊರಲ್ಲಿ ಅಪ್ಪ ಸೀಮೆಸುಣ್ಣ ಉಜ್ಜಿ ಶಾಸನ ಓದುತ್ತಿದ್ದರು. ಹಾಗೆ ಉಜ್ಜಿದರೆ ಕಲ್ಲು ಸವೆಯುತ್ತದೆ ಅಂತ ಈಗ ಅವರಿಗೂ ಹೇಳಿದ್ದೇನೆ.

ಇನ್ನು ನನ್ನ ಸಿಟ್ಟಿನ ವಿಷಯ. ಇದಕ್ಕೆ ಬಟನ್ ಒಂದೇ. ಒತ್ತಿದರೆ ಜೋರು, ಮತ್ತೆ ಒತ್ತಿದರೆ ಮಧ್ಯಮ, ಆಮೇಲೆ ಸಣ್ಣದು, ಆಮೇಲೆ ಪಟಪಟ ಮಿಣುಕು, ಅದನ್ನು ದಾಟಿದರೇನೇ ಆಫ್. ಕತ್ತಲಿಗೆ ಹೊಂದಿಕೊಂಡ ಕಣ್ಣು ಆ ಮಿಣುಕಿಗೆ ಪೂರ್ತಿ ಹಾಳು. ಮತ್ತೆ ಹತ್ತು ನಿಮಿಷ ಕಾಯಬೇಕು. ಪಕ್ಕದ ನಾಯಿಗಳೂ ಬೊಗಳೋಕೆ ಶುರು ಮಾಡುತ್ತವೆ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಹದಿನಾಲ್ಕನೇ ತಿಂಗಳಿಗೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಕಿತ್ತುಬಂತು. ಮುಂಬೈ ಮಳೆಯಲ್ಲಿ ಅದಿಲ್ಲದೆ ಆಗುತ್ತದಾ? ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ವಾಪಸ್ ಕೊಡೋ ಹಾಗಿದ್ದರೆ ಅವತ್ತೇ ಕೊಟ್ಟುಬಿಡುತ್ತಿದ್ದೆ.

ಆದರೆ ಅದೇ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸಣ್ಣ ಬೆಳಕಿನಲ್ಲೇ ನೋಡಿದೆ. ಅಲ್ಲಿವರೆಗೆ ಮೇಲಿಂದ, ಜೋರಾಗಿ ಬಿಡುತ್ತಿದ್ದೆ. ಅವತ್ತು ಟಾರ್ಚನ್ನು ಕಲ್ಲಿನ ಎಡ ಅಂಚಿಗೆ, ಹೆಚ್ಚುಕಡಿಮೆ ಕಲ್ಲಿಗೆ ಒರಗಿಸಿದ ಹಾಗೆ ಹಿಡಿದೆ. ಹಡಗಿನ ಕೆಳಗೆ ಹುಟ್ಟುಗಳ ಸಾಲು ಎದ್ದು ಬಂತು! ಒಂದೊಂದು ಹುಟ್ಟಿಗೂ ತನ್ನದೇ ನೆರಳು. ಹುಟ್ಟು ಅಂದರೆ ಮೇಲಿಂದ ಕೆಳಕ್ಕೆ ಇಳಿಯುವ ಗೆರೆ. ಮೇಲಿನ ಬೆಳಕು ಗೆರೆಯ ಉದ್ದಕ್ಕೇ ಹರಿದುಹೋಗುತ್ತದೆ, ನೆರಳೇ ಬೀಳೋದಿಲ್ಲ. ಪಕ್ಕದಿಂದ ಬಂದರೆ ಗೆರೆಗೆ ಅಡ್ಡ ಬೀಳುತ್ತದೆ. ನಡು ಮಧ್ಯಾಹ್ನ ಹೋದವರಿಗೆ ಬರೀ ಸವೆದ ಕಲ್ಲು ಕಾಣೋದು ಇದಕ್ಕೇ.

ಇದು ಸುಮ್ನೆ ಚಂದಕ್ಕಲ್ಲ. ಕೆಲವು ವಿದ್ವಾಂಸರು ಕಲ್ಲಿನ ಈ ಹಡಗಿನ ಕಾಳಗವನ್ನು ಕೊಂಕಣ ಆಳುತ್ತಿದ್ದ ಶಿಲಾಹಾರ ರಾಜ ಸೋಮೇಶ್ವರನಿಗೂ ದೇವಗಿರಿಯ ಸೇವುಣ (ಯಾದವ) ರಾಜ ಮಹಾದೇವನಿಗೂ 13ನೇ ಶತಮಾನದಲ್ಲಿ ನಡೆದ ಕಡಲ ಯುದ್ಧಕ್ಕೆ ಜೋಡಿಸುತ್ತಾರೆ. ಇನ್ನು ಕೆಲವರು ಕಲ್ಲುಗಳನ್ನು 11ನೇ ಶತಮಾನಕ್ಕೆ ಒಯ್ಯುತ್ತಾರೆ. ಆ ವಾದಕ್ಕೆ ಹಡಗಿನ ಆಕಾರ, ಆಯುಧ, ಕೆತ್ತನೆಯ ಬಗೆ ಎಲ್ಲವೂ ಬೇಕು. ಗೆರೆ ಕಾಣದಿದ್ದರೆ ವಾದ ಮಾಡೋದು ಹೇಗೆ, ಅಲ್ವಾ? ಈಗ ಫೋನನ್ನು ಸ್ಟ್ಯಾಂಡಿನಲ್ಲಿ ಅಲ್ಲಾಡದ ಹಾಗೆ ನಿಲ್ಲಿಸಿ, ಟಾರ್ಚನ್ನು ಮಾತ್ರ ಎಡ, ಬಲ, ಮೇಲೆ, ಕೆಳಗೆ ಸರಿಸಿ ನಾಲ್ಕು ಫೋಟೋ ತೆಗೆಯುತ್ತೇನೆ. ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಮಡಿದ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರ ಬೆರಳುಗಳೂ ಸಿಕ್ಕವು.

ರಾತ್ರಿ ರಸ್ತೆಯಲ್ಲಿ ನಡೆಯೋಕೆ ಬೇಕಾದರೆ ಇದನ್ನು ಕೊಳ್ಳಬೇಡಿ, ಬಟನ್ ತಲೆ ತಿನ್ನುತ್ತದೆ. ಕಲ್ಲಿಗಾದರೆ ಕೊಳ್ಳಿ, ಸಣ್ಣ ಬೆಳಕಿನಲ್ಲೇ ಬಳಸಿ. ಮುಚ್ಚಳದ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಸುತ್ತಿದ್ದೇನೆ, ನೀರು ಹೋಗಿಲ್ಲ. ದಸರಾ ರಜೆಗೆ ಊರಿಗೆ ಒಯ್ಯುತ್ತೇನೆ. ಕೆರೆ ಏರಿಯ ಕಲ್ಲಿನಲ್ಲಿ ಎರಡು ಸಾಲು ಇವತ್ತಿಗೂ ಓದೋಕಾಗಿಲ್ಲ ಅಂತ ಅಪ್ಪ ಕಾಯುತ್ತಿದ್ದಾರೆ.