ಒಡೆದ ಎಸ್ಟೀಮ್ ಎಂಜಿನ್: ಬೋರ್ ಹೊಡೆಸುವುದೋ, ಗುಜರಿಯಿಂದ ತರುವುದೋ, ಬಲೆನೋ ಕೂರಿಸುವುದೋ?

ಮಾರುತಿ ಎಸ್ಟೀಮ್ ಕಟ್ಟಿಕೊಂಡು ಡ್ರ್ಯಾಗ್ ರೇಸ್‌ನಲ್ಲಿ, ಅಂದರೆ 402 ಮೀಟರಿನ ನೇರ ಓಟದಲ್ಲಿ, ಓಡಿಸುವವರಿಗೆ ಎಂಜಿನ್ ಒಡೆಯುವುದು ಅಚ್ಚರಿಯ ಸುದ್ದಿಯಲ್ಲ. ಒಡೆದ ಮೇಲೆ ಬಡವರ ಮುಂದಿರುವ ದಾರಿಗಳು ಮೂರು. ಅದೇ ಬ್ಲಾಕ್‌ಗೆ ಬೋರ್ ಹೊಡೆಸಿ, ಅಂದರೆ ಸಿಲಿಂಡರನ್ನು ತುಸು ಕೊರೆದು ಅಗಲಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಗುಜರಿಯಿಂದ ಅದೇ ಜಾತಿಯ ಇನ್ನೊಂದು ಎಂಜಿನ್ ತಂದು ಕೂರಿಸಬಹುದು, ಇಲ್ಲವೇ ಹಳೆಯ ಬಲೆನೋದ 1.6 ಲೀಟರ್ ಎಂಜಿನ್‌ಗೆ ಕೈಹಾಕಬಹುದು. ಬಲೆನೋ ಎಂದರೆ ಈಗ ರಸ್ತೆಯಲ್ಲಿ ಕಾಣುವ ಹ್ಯಾಚ್‌ಬ್ಯಾಕ್ ಅಲ್ಲ, 1999ರಲ್ಲಿ ಬಂದ ಸೆಡಾನ್. ಮೊದಲೆರಡನ್ನು ನನ್ನ ಕಾರಿನಲ್ಲೇ ಮಾಡಿ ನೋಡಿದ್ದೇನೆ. ಮೂರನೆಯದು ಗೆಳೆಯನ ಕಾರು; ಅದರ ಕೆಲಸದಲ್ಲಿ ನನ್ನ ಕೈಗೂ ಸಾಕಷ್ಟು ಗ್ರೀಸ್ ಹತ್ತಿದೆ. ಫೋರ್ಜ್ಡ್ ಪಿಸ್ಟನ್, ಫೋರ್ಜ್ಡ್ ರಾಡ್ (ರೇಸಿಗೆಂದೇ ಮಾಡಿದ ಹೆಚ್ಚು ಗಟ್ಟಿಯವು) ಎಂಬ ನಾಲ್ಕನೇ ದಾರಿಯೂ ಇದೆ. ಅದರ ಬೆಲೆ ವಿಚಾರಿಸಿ ಫೋನ್ ಇಟ್ಟುಬಿಟ್ಟೆ, ಆದ್ದರಿಂದ ಆ ಬಗ್ಗೆ ಹೇಳುವುದೇನೂ ಇಲ್ಲ.

ಎಸ್ಟೀಮ್‌ನ ಕೊನೆಯ ವರ್ಷಗಳ ಎಂಜಿನ್‌ಗೆ ಸುಜುಕಿ ಇಟ್ಟ ಹೆಸರು ಜಿ13ಬಿಬಿ. 74 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), 1298 ಸಿಸಿ, ಒಂದೇ ಕ್ಯಾಮ್‌ಶಾಫ್ಟ್, ಹದಿನಾರು ವಾಲ್ವ್, 85 ಅಶ್ವಶಕ್ತಿ. ಬ್ಲಾಕ್ ಅಲ್ಯೂಮಿನಿಯಂ, ಸಿಲಿಂಡರುಗಳ ಒಳಗೋಡೆಗೆ ಎರಕದ ಕಬ್ಬಿಣದ ಲೈನರ್. ಇದೇ ಎಂಜಿನ್ ಜಿಪ್ಸಿ ಕಿಂಗ್‌ನಲ್ಲೂ ಇದೆ. ಎಸ್ಟೀಮ್ ನಿಂತ ಮೇಲೂ ಜಿಪ್ಸಿ ಹಲವು ವರ್ಷ ತಯಾರಾಗುತ್ತಿದ್ದುದರಿಂದ ಬೇರಿಂಗ್, ರಿಂಗ್, ಗ್ಯಾಸ್ಕೆಟ್‌ಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಪರದಾಡಬೇಕಿಲ್ಲ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಎಸ್ಟೀಮ್‌ನಲ್ಲಿ ಅಡ್ಡಕ್ಕೆ. ಹೀಗಾಗಿ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ), ಮೌಂಟ್ ಮುಂತಾದ ಹೊರಗಿನ ಸಾಮಾನು ಒಂದಕ್ಕೊಂದು ಹೊಂದುವುದಿಲ್ಲ.

ನನ್ನ ಕಾರಿನಲ್ಲಿ ಸುಟ್ಟದ್ದು ಮೂರನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಕಡೆಯದು. ಎರಡನೇ ಗೇರಿನ ತುದಿಯಲ್ಲಿ, ಸೂಜಿ 7,000 ದಾಟುತ್ತಿದ್ದಾಗ ತಳದಿಂದ ಬಡಿತ ಶುರುವಾಯಿತು. ಕಾಲು ತೆಗೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಕನೆಕ್ಟಿಂಗ್ ರಾಡ್ ಬ್ಲಾಕ್ ಸೀಳಿಕೊಂಡು ಹೊರಗೆ ಬರಲಿಲ್ಲ ಎಂಬುದಷ್ಟೇ ಪುಣ್ಯ. ಎರಡು ಮತ್ತು ಮೂರನೇ ಲೈನರ್‌ಗಳಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಕಾರಣ ಎಣ್ಣೆ. ಕ್ಲಚ್ ಬಿಟ್ಟು ಕಾರು ಮುಂದಕ್ಕೆ ಚಿಮ್ಮಿದಾಗ ಸಂಪ್‌ನಲ್ಲಿರುವ ಎಣ್ಣೆ ಹಿಂದಿನ ಗೋಡೆಗೆ ಹೋಗಿ ಒತ್ತಿಕೊಳ್ಳುತ್ತದೆ. ಪಂಪಿಗೆ ಎಣ್ಣೆ ಎಳೆಯುವ ಜಾಲರಿ, ಸ್ಟ್ರೈನರ್, ಒಂದು ಕ್ಷಣ ಎಣ್ಣೆಯ ಬದಲು ಗಾಳಿ ಹೀರಿದರೆ, ಅಷ್ಟು ವೇಗದಲ್ಲಿ ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಎಣ್ಣೆಯ ತೆಳುಪದರ ಹರಿದುಹೋಗಿ ಲೋಹಕ್ಕೆ ಲೋಹ ತಾಗುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಈ ಕಾಯಿಲೆ ಹಾಗೆಯೇ ಕಾದಿರುತ್ತದೆ. ಹೊಸ ಪಿಸ್ಟನ್‌ಗಾಗಲೀ ದೊಡ್ಡ ಎಂಜಿನ್‌ಗಾಗಲೀ ಎಣ್ಣೆಯ ಓಟ ನಿಲ್ಲಿಸುವ ಶಕ್ತಿಯಿಲ್ಲ. ಸಂಪ್ ಒಳಗೆ ಸ್ಟ್ರೈನರ್ ಸುತ್ತ ತಗಡಿನ ಅಡ್ಡಗೋಡೆ ಬೆಸುಗೆ ಹಾಕಿಸಿ, ಅರ್ಧ ಲೀಟರ್ ಎಣ್ಣೆ ಹೆಚ್ಚು ತುಂಬಿಸಿ, ಡ್ಯಾಶ್‌ಬೋರ್ಡ್ ಮೇಲೆ ಎಣ್ಣೆ ಒತ್ತಡದ ಮೀಟರ್ ಕೂರಿಸಬೇಕು. ಕಂಪನಿಯ ಕೆಂಪು ದೀಪವನ್ನು ನಂಬಬಾರದು. ಅದು ಹತ್ತಿಕೊಳ್ಳುವುದು ಒತ್ತಡ ಪೂರ್ತಿ ಬಿದ್ದ ಮೇಲೆ. ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಣ್ಣೆ ಒತ್ತಡ ಇರಬೇಕೆಂಬ ಹಳೆಯ ಲೆಕ್ಕ ರೇಸ್ ಎಂಜಿನ್‌ಗಳಿಗೆ ಇವತ್ತಿಗೂ ಸರಿಯಾಗಿಯೇ ಇದೆ. ಈ ಕೆಲಸಕ್ಕೆ ತಗಲುವ ಹಣ ಒಂದು ಒಳ್ಳೆಯ ಟೈರಿನ ಬೆಲೆಗಿಂತ ಕಡಿಮೆ.

ಈಗ ಬೋರ್ ಹೊಡೆಸುವ ದಾರಿ. ಬೋರ್ ದೊಡ್ಡದಾದರೆ ಸಿಸಿ ಹೆಚ್ಚುತ್ತದೆ, ಪವರ್ ಬರುತ್ತದೆ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ 74 ಇದ್ದದ್ದು 74.5 ಆಗುತ್ತದೆ, 1298 ಸಿಸಿ ಇದ್ದದ್ದು 1316 ಆಗುತ್ತದೆ. ನೂರಕ್ಕೆ ಒಂದೂವರೆಯೂ ಇಲ್ಲ. ಚಾಲಕ ಬೆಳಗಿನ ತಿಂಡಿ ಬಿಟ್ಟರೆ ಅದಕ್ಕಿಂತ ಹೆಚ್ಚು ಲಾಭವಾದೀತು. ಬೋರ್ ಹೊಡೆಸುವುದು ಗೀರು ಬಿದ್ದ ಲೈನರನ್ನು ಸರಿಪಡಿಸಲಿಕ್ಕೆ ಮಾತ್ರ.

ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ. ಸರಿಯಾಗಿ ಮಾಡಿದರೆ ಎಂಜಿನ್‌ನ ಪ್ರತಿಯೊಂದು ಅಳತೆಯೂ ನಿಮಗೆ ಗೊತ್ತಿರುತ್ತದೆ, ಮತ್ತು ಆ ನೆಮ್ಮದಿಯನ್ನು ಬೇರೆ ಯಾವ ದಾರಿಯೂ ಕೊಡುವುದಿಲ್ಲ. ಮೊದಲು ಪಿಸ್ಟನ್ ಕೊಂಡು, ಪೆಟ್ಟಿಗೆ ಸಮೇತ ಲೇತ್ ಅಂಗಡಿಗೆ ಒಯ್ಯಬೇಕು. ಪೆಟ್ಟಿಗೆಯ ಮೇಲೆ ಬರೆದ ಅಳತೆಗಲ್ಲ, ಮೈಕ್ರೋಮೀಟರಿಗೆ ಸಿಕ್ಕ ಅಳತೆಗೆ ಬೋರ್ ಆಗಬೇಕು. ಕೊನೆಯ ಕೆಲವು ನೂರಾಂಶ ಮಿ.ಮೀ.ಗಳನ್ನು ಹೋನಿಂಗ್‌ಗೆ, ಅಂದರೆ ಕಲ್ಲಿನಿಂದ ಉಜ್ಜಿ ನಯ ಮಾಡುವ ಕೆಲಸಕ್ಕೆ, ಉಳಿಸಬೇಕು, ಅದರ ಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟಬೇಕು. ರಿಂಗ್‌ಗಳ ಬಾಯಿಯನ್ನು (ಎರಡು ತುದಿಗಳ ನಡುವಿನ ಸಂದನ್ನು) ಒಂದೊಂದಾಗಿ ಅದರದೇ ಸಿಲಿಂಡರಿನಲ್ಲಿಟ್ಟು ಫೀಲರ್ ಗೇಜ್‌ನಿಂದ ನೋಡಬೇಕು. ಈ ಬೋರ್‌ಗೆ 0.30 ಮಿ.ಮೀ.ಗಿಂತ ಕಡಿಮೆ ಬಿಡುವುದು ರೇಸಿಗೆ ಅಪಾಯ, ಬಿಸಿಯಾದಾಗ ತುದಿಗಳು ಕೂಡಿಕೊಂಡು ಪಿಸ್ಟನ್ನಿನ ಅಂಚನ್ನೇ ಮುರಿಯುತ್ತವೆ.

ತೊಂದರೆ ಇರುವುದು ಬೋರಿನಲ್ಲಲ್ಲ, ಉಳಿದ ಭಾಗಗಳಲ್ಲಿ. ಬೇರಿಂಗ್ ಸುಟ್ಟರೆ ಕ್ರ್ಯಾಂಕ್‌ನ ಆ ಜರ್ನಲ್ (ಬೇರಿಂಗ್ ಕೂರುವ ಭಾಗ) ಸವೆದಿರುತ್ತದೆ, 0.25 ಮಿ.ಮೀ. ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಆ ರಾಡ್‌ನ ದೊಡ್ಡ ಕಣ್ಣು ಕಾದು ಅಂಡಾಕಾರವಾಗಿರುತ್ತದೆ. ಕ್ರ್ಯಾಂಕ್‌ನಲ್ಲಿ ಬಿರುಕಿದೆಯೋ ಎಂದು ನೋಡಲು ನಮ್ಮಲ್ಲಿ ಹಳಬರು ಮಾಡುವ ಉಪಾಯ ಅಗ್ಗ: ಸೀಮೆಎಣ್ಣೆ ಬಳಿದು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಬಿಡುವುದು. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿಯ ಮೇಲೆ ಗೆರೆ ಮೂಡುತ್ತದೆ. ಸೂಕ್ಷ್ಮ ಬಿರುಕಿಗೆ ಇದು ಸಾಲದು, ಅದಕ್ಕೆ ಅಯಸ್ಕಾಂತದ ಪರೀಕ್ಷೆಯೇ ಆಗಬೇಕು.

ಎಲ್ಲಕ್ಕಿಂತ ಕಷ್ಟದ್ದು ಎಣ್ಣೆಯ ದಾರಿಗಳು. ಸುಟ್ಟ ಬೇರಿಂಗ್‌ನ ಲೋಹದ ಪುಡಿ ಬ್ಲಾಕ್, ಹೆಡ್, ಕ್ರ್ಯಾಂಕ್‌ನ ತೂತುಗಳಲ್ಲೆಲ್ಲ ಹೊಕ್ಕು ಕೂತಿರುತ್ತದೆ. ಪ್ಲಗ್‌ಗಳನ್ನು ಕಿತ್ತು, ಉದ್ದದ ಬ್ರಷ್ ಹಾಕಿ ಉಜ್ಜಿ, ಸೋಪಿನ ಬಿಸಿನೀರಿನಿಂದ ತೊಳೆದು, ಗಾಳಿ ಹೊಡೆದು, ಮತ್ತೆ ತೊಳೆಯಬೇಕು. ಆಯಿಲ್ ಕೂಲರ್ ಇದ್ದರೆ ಅದನ್ನು ತೊಳೆದು ಉಳಿಸುವ ಯೋಚನೆಯೇ ಬೇಡ, ಎಸೆದುಬಿಡಿ. ಲೇತ್ ಅಂಗಡಿಯವರು ಬ್ಲಾಕ್ ತೊಳೆದುಕೊಟ್ಟಿದ್ದೇವೆ ಎಂದರೆ ಅವರು ತೊಳೆದದ್ದು ಹೊರಗೆ. ನನ್ನ ಬ್ಲಾಕ್ ಅಲ್ಲಿಂದ ಬಂದ ಮೇಲೆ ಮುಖ್ಯ ದಾರಿಯಲ್ಲಿ ಬಿಳಿ ಬಟ್ಟೆ ಎಳೆದಾಗ ಬೂದುಬಣ್ಣದ ಮಿನುಗು ಅಂಟಿಕೊಂಡು ಬಂತು.

ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಪಂಪ್, ಬೋರಿಂಗ್, ಗ್ರೈಂಡಿಂಗ್, ಒಂದು ಬದಲಿ ರಾಡ್, ಹೆಡ್ ಕೆಲಸ ಎಲ್ಲ ಕೂಡಿ ನನಗೆ ತಗುಲಿದ್ದು 45,000 ರೂಪಾಯಿಯ ಆಸುಪಾಸು. ಕೂಲಿ ನನ್ನದೇ. ಲೇತ್‌ನ ಸರದಿಗೆ ಕಾದದ್ದರಲ್ಲಿ ಆ ಸೀಸನ್ನಿನ ಅರ್ಧ ಹೋಯಿತು. ಎಂಜಿನ್ ಚೆನ್ನಾಗಿಯೇ ಓಡಿತು, ಒಡೆಯುವ ಮೊದಲು ಇದ್ದಷ್ಟೇ ಸಮಯ ಕೊಟ್ಟಿತು.

ಗುಜರಿ ಎಂಜಿನ್ ಎಂದರೆ ಅನೇಕರಿಗೆ ಮೂಗುಮುರಿಯುವ ಅಭ್ಯಾಸ. ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲೋ ಚೆನ್ನೈನ ಪುದುಪೇಟೆಯಲ್ಲೋ ಎಣ್ಣೆ ಸುರಿಯುವ ಎಂಜಿನ್‌ಗಳ ರಾಶಿ ನೋಡಿದರೆ ಆ ಅನುಮಾನ ಸಹಜ. ಆದರೆ ಒಂದು ವ್ಯತ್ಯಾಸ ಗಮನಿಸಿ: ನನ್ನ ಒಡೆದ ಎಂಜಿನ್‌ಗೆ ಬಂದದ್ದು ರೋಗ, ಗುಜರಿಯ ಎಂಜಿನ್‌ಗೆ ಬಂದಿರುವುದು ಬರೀ ಮುಪ್ಪು. ಮನೆ, ಕಚೇರಿ ಎಂದು ಓಡಾಡಿ ಮುದಿಯಾದ ಎಸ್ಟೀಮ್‌ನ ಎಂಜಿನ್‌ನಲ್ಲಿ ಲೋಹದ ಪುಡಿ ಹರಡಿರುವುದಿಲ್ಲ, ಕ್ರ್ಯಾಂಕ್ ಸುಟ್ಟಿರುವುದಿಲ್ಲ, ರಾಡ್ ಬಾಗಿರುವುದಿಲ್ಲ. ಸವೆದಿರುವುದು ರಿಂಗ್ ಮತ್ತು ಬೇರಿಂಗ್. ಅವನ್ನು ಹೇಗೂ ಬದಲಿಸುವವರಿದ್ದೇವೆ.

ಹಾಗಾಗಿ ಆಮೇಲೆ ನಾನು ಗುಜರಿಯಿಂದ ತಂದ ಎಂಜಿನ್ನನ್ನು ನೇರವಾಗಿ ಕಾರಿಗೆ ಏರಿಸಲಿಲ್ಲ. ಕೊಳ್ಳುವಾಗ ಅದು ಇನ್ನೂ ಕಾರಿನಲ್ಲೇ ಇತ್ತು, ಆದ್ದರಿಂದ ಕಂಪ್ರೆಷನ್ (ಸಿಲಿಂಡರಿನಲ್ಲಿ ಏಳುವ ಒತ್ತಡ) ನೋಡಲು ಸಾಧ್ಯವಾಯಿತು. ನಾಲ್ಕರಲ್ಲೂ ಚದರ ಸೆಂ.ಮೀ.ಗೆ 13 ಕೆ.ಜಿ.ಯ ಆಸುಪಾಸು, ಒಂದಕ್ಕೊಂದಕ್ಕೆ ಅರ್ಧ ಕೆ.ಜಿ.ಯಷ್ಟೂ ವ್ಯತ್ಯಾಸವಿಲ್ಲ. ಒಂದು ಸಿಲಿಂಡರ್ ಮಾತ್ರ ತೀರಾ ಕೆಳಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಎಂಜಿನ್ ಕೆಳಗಿಳಿಸಿಟ್ಟಿದ್ದರೆ ಪರೀಕ್ಷೆ ಬೇರೆ: ಎಣ್ಣೆಯ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ನೀರು ಸೇರಿದೆ ಎಂದರ್ಥ, ಡ್ರೇನ್ ಪ್ಲಗ್ ಬಿಚ್ಚಿದಾಗ ಹೊಳೆಯುವ ಪುಡಿ ಬಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಬೇಕು. ಸಂಪ್ ಬಿಚ್ಚಲು ಬಿಡದ ಅಂಗಡಿಯಿಂದ ನಾನು ಕೊಳ್ಳುವುದಿಲ್ಲ. ಇನ್ನೊಂದು ಮಾತು: ಎಂಜಿನ್ ನಂಬರ್ ಅಳಿಸಿದ, ಉಜ್ಜಿದ ಗುರುತಿದ್ದರೆ ಮುಟ್ಟಲೇಬೇಡಿ, ಬಿಲ್ ಇಲ್ಲದೆ ಹಣ ಕೊಡಬೇಡಿ. ಕಾರು ರಸ್ತೆಯ ಮೇಲೂ ಓಡುವುದಾದರೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಟ್ರೇಲರ್ ಮೇಲೆ ಓಡಾಡುವ ಕಾರಾದರೂ ಬಿಲ್ ಜೋಪಾನವಾಗಿರಲಿ.

ತಂದ ಮೇಲೆ ಪೂರ್ತಿ ಬಿಚ್ಚಿ, ಲೈನರ್‌ಗಳಿಗೆ ತೆಳುವಾಗಿ ಹೋನಿಂಗ್ ಮಾಡಿಸಿ, ಸ್ಟ್ಯಾಂಡರ್ಡ್ ಅಳತೆಯ ಹೊಸ ರಿಂಗ್ ಮತ್ತು ಬೇರಿಂಗ್, ಹೊಸ ರಾಡ್ ಬೋಲ್ಟ್, ಆಯಿಲ್ ಪಂಪ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್ ಹಾಕಿದೆವು. ಹೆಡ್ ಮಾತ್ರ ಹಳೆಯ ಎಂಜಿನ್‌ನದು. ಪೋರ್ಟ್ ಕೆಲಸ ಮಾಡಿಸಿದ, ಅಂದರೆ ಗಾಳಿಯ ದಾರಿಗಳನ್ನು ತಿದ್ದಿಸಿದ ಹೆಡ್ಡನ್ನು ಬಿಡುವುದು ಹೇಗೆ? ಅದರ ಎಣ್ಣೆ ದಾರಿಗಳನ್ನು ಮಾತ್ರ ಹಲ್ಲು ಕಚ್ಚಿ ತೊಳೆದೆವು. ಎರಡು ಎಂಜಿನ್‌ಗಳ ರಾಡ್‌ಗಳನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ತೂಕ ಹೊಂದುವ ನಾಲ್ಕನ್ನು ಆರಿಸಿ, ಭಾರವಿದ್ದುದನ್ನು ಉಜ್ಜಿ ಒಂದು ಗ್ರಾಂ ಒಳಗೆ ತಂದೆವು. ಚಿನ್ನ ತೂಗುವ ಜಾಗದಲ್ಲಿ ಕಪ್ಪು ಹಿಡಿದ ರಾಡ್ ಇಟ್ಟದ್ದನ್ನು ಕಂಡು ಅಲ್ಲಿದ್ದ ಗಿರಾಕಿಗಳು ದೂರ ಸರಿದರು. ಎಂಜಿನ್‌ಗೆ 22,000, ಒಳಗಿನ ಸಾಮಾನು ಮತ್ತು ಕೆಲಸಕ್ಕೆ ಸುಮಾರು 12,000. ಲೇತ್‌ನಲ್ಲಿ ಇದ್ದದ್ದು ಹೋನಿಂಗ್ ಒಂದೇ ಆದ್ದರಿಂದ ಕಾಯುವ ಕಾಟ ಇರಲಿಲ್ಲ. ಓಟದ ಸಮಯದಲ್ಲಿ ಬೋರ್ ಹೊಡೆಸಿದ ಎಂಜಿನ್‌ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಗಾಳಿ, ತಾಪಮಾನ, ನನ್ನ ಎಡಗಾಲು ಇವು ಮಾಡುವ ವ್ಯತ್ಯಾಸವೇ ಅದಕ್ಕಿಂತ ಹೆಚ್ಚು.

ಬಲೆನೋ ಎಂಜಿನ್‌ನ ಮೋಹ ನನಗೂ ಇತ್ತು. ಜಿ16ಬಿ, 1590 ಸಿಸಿ, 94 ಅಶ್ವಶಕ್ತಿ, ಕೆಳಗಿನ ವೇಗದಲ್ಲೇ ಒಳ್ಳೆಯ ಟಾರ್ಕ್. ಬೋರ್ ಮಾತ್ರ 75, ಅಂದರೆ ನಮ್ಮದಕ್ಕಿಂತ ಒಂದೇ ಮಿ.ಮೀ. ಹೆಚ್ಚು. ಉಳಿದ ಸಿಸಿಯೆಲ್ಲ ಬಂದಿರುವುದು 90 ಮಿ.ಮೀ. ಸ್ಟ್ರೋಕ್‌ನಿಂದ. ಡ್ರ್ಯಾಗ್‌ಗೆ ಇದರ ಅರ್ಥವೇನು? 7,500 ಆರ್‌ಪಿಎಂನಲ್ಲಿ ಎಸ್ಟೀಮ್‌ನ ಪಿಸ್ಟನ್ ಸರಾಸರಿ ಸೆಕೆಂಡಿಗೆ 18.9 ಮೀಟರ್ ಓಡುತ್ತದೆ, ಬಲೆನೋದ್ದು 22.5 ಮೀಟರ್. ಕಂಪನಿಯ ಪಿಸ್ಟನ್, ಕಂಪನಿಯ ರಾಡ್ ಇಟ್ಟುಕೊಂಡು ಆ ವೇಗಕ್ಕೆ ಏರಿಸಲು ನನಗೆ ಧೈರ್ಯವಿಲ್ಲ. ಎಸ್ಟೀಮ್‌ನಷ್ಟೇ ಪಿಸ್ಟನ್ ವೇಗ ಬೇಕೆಂದರೆ ಬಲೆನೋದಲ್ಲಿ 6,300ರ ಹತ್ತಿರ ಗೇರ್ ಬದಲಿಸಬೇಕು. ಗೆಳೆಯ ಆ ಶಿಸ್ತನ್ನು ಪಾಲಿಸಿದ, ಅವನ ಎಂಜಿನ್ ಇನ್ನೂ ಬದುಕಿದೆ.

ಖರ್ಚು ಹರಿದದ್ದು ಎಂಜಿನ್‌ನ ಸುತ್ತ. ಸ್ಟ್ರೋಕ್ ಉದ್ದವಾದುದರಿಂದ ಬ್ಲಾಕ್ ಎತ್ತರ, ಹಾಗಾಗಿ ಬಾನೆಟ್ ಕೆಳಗೆ ಜಾಗದ ಜಗಳ. ಎಕ್ಸಾಸ್ಟ್ ಪೈಪ್ ಹೊಸದಾಗಿ ಬಗ್ಗಿಸಬೇಕಾಯಿತು, ಮೌಂಟ್ ಮಾಡಿಸಬೇಕಾಯಿತು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ವೈರಿಂಗ್ ಬಲೆನೋದ್ದೇ ತರಬೇಕಾಯಿತು. ಗೇರ್‌ಬಾಕ್ಸನ್ನೂ ಜೊತೆಗೇ ತಂದದ್ದರಿಂದ ಡ್ರೈವ್ ಶಾಫ್ಟ್‌ಗಳನ್ನು ಹೊಂದಿಸುವ ಕೆಲಸ ಬೇರೆ. ಒಟ್ಟು ಲಕ್ಷ ದಾಟಿತು. ಕಾರು ನನ್ನದಕ್ಕಿಂತ ಖಂಡಿತ ವೇಗ, ಆದರೆ ನಾವು ಊಹಿಸಿದಷ್ಟಲ್ಲ. ಮುಂದಿನ ಚಕ್ರ ತಿರುಗುವ ಕಾರಿನಲ್ಲಿ ಹೊರಡುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಟೈರಿಗೆ ಹಿಡಿತ ತಪ್ಪುತ್ತದೆ. ಅಲ್ಲಿ ಟಾರ್ಕ್ ಹೆಚ್ಚಾದಷ್ಟೂ ಹೊಗೆ ಹೆಚ್ಚು. ಸಿಸಿ ಲೆಕ್ಕದಲ್ಲಿ ವರ್ಗ ಮಾಡುವ ಸ್ಪರ್ಧೆಗಳಲ್ಲಿ ಇನ್ನೊಂದು ಪೆಟ್ಟು: 1316 ಸಿಸಿಯ ಎಸ್ಟೀಮ್ 1400ರ ವರ್ಗದಲ್ಲೇ ಉಳಿಯುತ್ತದೆ, 1590 ಆದರೆ ಮೇಲಿನ ವರ್ಗದ ಗಟ್ಟಿಗರ ಪಕ್ಕ ನಿಲ್ಲಬೇಕು.

ಇಲ್ಲೇ ನನ್ನ ಲೆಕ್ಕ ಗುಜರಿಯ ಕಡೆಗೆ ವಾಲುವುದು. ಮೊದಲ ಅರವತ್ತು ಅಡಿಯಲ್ಲಿ ಉಳಿಸಿದ ಒಂದು ದಶಾಂಶ ಸೆಕೆಂಡ್, 402 ಮೀಟರ್ ಮುಗಿಯುವಾಗ ಸಾಮಾನ್ಯವಾಗಿ ಇನ್ನೂ ಹೆಚ್ಚಾಗಿರುತ್ತದೆ. ಬೋರ್ ಹೊಡೆಸುವ ಬದಲು ಗುಜರಿ ಎಂಜಿನ್ ತಂದಾಗ ಉಳಿದ ಹಣದಲ್ಲಿ ಮುಂದಿನ ಎರಡು ಮೃದು ಟೈರ್ ಕೊಂಡೆ, ಸವೆದಿದ್ದ ಕ್ಲಚ್ ಪ್ಲೇಟ್ ಬದಲಿಸಿದೆ. ಎಂಜಿನ್‌ನ ಯಾವ ಕೆಲಸವೂ ಕೊಡದ ಸಮಯ ಅಲ್ಲಿ ಸಿಕ್ಕಿತು.

ಬೋರ್ ಹೊಡೆಸಲು ಹೇಳುವುದು ಎರಡು ಸಂದರ್ಭಗಳಲ್ಲಿ. ಬೇರಿಂಗ್‌ಗೆ ಏನೂ ಆಗದೆ ಪಿಸ್ಟನ್ ಮಾತ್ರ ಕರಗಿ ಅಥವಾ ರಿಂಗ್ ಮುರಿದು ಲೈನರ್ ಹಾಳಾಗಿದ್ದರೆ, ಕ್ರ್ಯಾಂಕ್‌ನ ಖರ್ಚು ಇಲ್ಲದ ಕಾರಣ ಅದೇ ಅಗ್ಗ. ಇಲ್ಲವೇ ನಿಮ್ಮೂರಿನ ಸುತ್ತ ಒಳ್ಳೆಯ ಎಂಜಿನ್ ಸಿಗದಿದ್ದರೆ. ಎಸ್ಟೀಮ್‌ಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ, ಗುಜರಿಯವರಿಗೂ ಅದು ಗೊತ್ತು, ಬೆಲೆ ಏರುತ್ತಿದೆ. ಆದ್ದರಿಂದ ನನ್ನ ಹಳೆಯ ಬ್ಲಾಕನ್ನು ಮಾರಿಲ್ಲ. ಎಣ್ಣೆ ಬಳಿದು, ಪ್ಲಾಸ್ಟಿಕ್ ಸುತ್ತಿ, ಗ್ಯಾರೇಜಿನ ಅಟ್ಟದ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಇನ್ನೊಂದು ಸಲ ಬೋರ್ ಹೊಡೆಸುವಷ್ಟು ಲೈನರ್ ಉಳಿದಿಲ್ಲ, ಹೊಸ ಲೈನರ್ ಕೂರಿಸಿದರೆ ಮಾತ್ರ ಉಪಯೋಗ. ಆ ಕೆಲಸಕ್ಕೆ ಈಗಲೇ ದರ ಕೇಳಿಟ್ಟಿದ್ದೇನೆ.