ಹೊಟ್ಟೆ ತುಂಬಿಸದ ಬುಟ್ಟಿ: ಕೋಲಾರದಲ್ಲಿ ನಾಲ್ಕು ವಾರದ ತರಕಾರಿ ಲೆಕ್ಕ

ಕೋಲಾರದ ನಮ್ಮ ಬಡಾವಣೆಗೆ ಮನೆ ಬಾಗಿಲಿಗೇ ತರಕಾರಿ ತಂದುಕೊಡುವ ಸೇವೆಯೊಂದು ಬಂದು ವರ್ಷವಾಗುತ್ತ ಬಂತು. ಅವರು ವಾರಕ್ಕೊಮ್ಮೆ ಐದು ಕಿಲೋ ತರಕಾರಿಯನ್ನು "ಕಡಿಮೆ ಕಾರ್ಬ್ ಬುಟ್ಟಿ" ಎಂಬ ಹೆಸರಿನಲ್ಲಿ 420 ರೂಪಾಯಿಗೆ ಕೊಡುತ್ತಾರೆ. ನಮ್ಮ ಯಜಮಾನರ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ (ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.1 ಬಂದಾಗ, ಸಕ್ಕರೆ ಕಾಯಿಲೆ ಎಂದು ಕರೆಯುವ 6.5ರ ಗೆರೆಯನ್ನು ಇನ್ನೂ ಮುಟ್ಟಿಲ್ಲವಾದರೂ 5.7ರ ಹೊಸ್ತಿಲು ದಾಟಿಯಾಗಿದೆ, ಮುದ್ದೆ ಮತ್ತು ಅನ್ನವನ್ನು ತಗ್ಗಿಸಿ ತರಕಾರಿಯನ್ನು ಹೆಚ್ಚಿಸಿ ಎಂದು ಡಾಕ್ಟರು ಹೇಳಿದರು. ಆಯ್ಕೆಯ ತಲೆನೋವು ತಪ್ಪುತ್ತದೆಂದು ನಾನು ನಾಲ್ಕು ವಾರದ ಹಣವನ್ನು ಮುಂಗಡವಾಗಿಯೇ ಕಟ್ಟಿದೆ. ಆ ನಾಲ್ಕು ಬುಟ್ಟಿಗಳು ನಮ್ಮ ಅಡುಗೆಮನೆಯಲ್ಲಿ ಹೇಗೆ ನಡೆದವು ಎಂಬುದನ್ನು, ಇದೇ ಕಾರಣಕ್ಕೆ ಇಂಥ ಬುಟ್ಟಿ ತರಿಸಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ವಾರದ ಬುಟ್ಟಿಯಲ್ಲಿ ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಸೌತೆಕಾಯಿ, ಒಂದು ಹೋಳು ಬೂದುಗುಂಬಳ ಮತ್ತು ಒಂದು ಕಿಲೋ ಟೊಮೆಟೊ ಇದ್ದವು. ಹದಿನೈದು ಕಿಲೋ ಬಾಕ್ಸುಗಳಲ್ಲಿ ಟೊಮೆಟೊ ಲಾರಿಗಟ್ಟಲೆ ಹೊರಡುವ ಊರಿನಲ್ಲಿ ಅದನ್ನೇ ಬುಟ್ಟಿಗೆ ತುಂಬಿ ತೂಕ ಸರಿಮಾಡಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಜೊತೆಗಿಟ್ಟಿದ್ದ ಚೀಟಿಯಲ್ಲಿ ಪ್ರತಿ ನೂರು ಗ್ರಾಂಗೆ ಎಷ್ಟು ಶರ್ಕರಪಿಷ್ಟ (ಅದೇ ಕಾರ್ಬ್; ಮುಂದೆ ಪಿಷ್ಟ ಎಂದಷ್ಟೇ ಬರೆಯುತ್ತೇನೆ) ಎಂದು ಅಚ್ಚು ಹಾಕಿದ್ದರು. ಸೋರೆಕಾಯಿಗೆ ಮೂರೂವರೆ ಗ್ರಾಂ, ಬೂದುಗುಂಬಳಕ್ಕೆ ಮೂರು, ಟೊಮೆಟೊಗೆ ನಾಲ್ಕು. ಆಲೂಗಡ್ಡೆಯ 17 ಗ್ರಾಂ, ಅಕ್ಕಿಯ 78 ಗ್ರಾಂ ಪಕ್ಕದಲ್ಲಿಟ್ಟು ನೋಡಿದರೆ ಇವು ಏನೇನೂ ಅಲ್ಲ, ಮತ್ತು ಆ ಚೀಟಿಯ ಅಂಕಿಗಳಲ್ಲಿ ಸುಳ್ಳೂ ಇರಲಿಲ್ಲ. ಆದರೆ ಬುಟ್ಟಿಯನ್ನು ಜೋಡಿಸಿದವರು ಆ ಒಂದೇ ಅಂಕಿಯನ್ನು ನೋಡಿ ಜೋಡಿಸಿದ್ದರು. ಇವುಗಳಲ್ಲಿ ಪಿಷ್ಟ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ನೂರರಲ್ಲಿ 95 ಪಾಲು ನೀರೇ ಇರುವುದು. ಹಾಗಾಗಿ ಪಿಷ್ಟದ ಜೊತೆಗೆ ಹೊಟ್ಟೆಯಲ್ಲಿ ನಿಲ್ಲುವಂಥದ್ದೂ ಕಡಿಮೆಯೇ.

ಇದು ಕಣ್ಣಿಗೆ ಬಿದ್ದದ್ದು ಹೀರೇಕಾಯಿ ಪಲ್ಯ ಮಾಡಿದ ದಿನ. ಅರ್ಧ ಕಿಲೋ ಹೀರೇಕಾಯಿಯ ಸಿಪ್ಪೆ ಹೆರೆದು ಹೆಚ್ಚಿದಾಗ ಬಾಣಲೆಯ ಅಂಚಿನವರೆಗೆ ಬಂದಿತ್ತು. ಒಗ್ಗರಣೆಗೆ ಹಾಕಿ, ಉಪ್ಪು ಬೆರೆಸಿ, ಮುಚ್ಚಿಟ್ಟು ಐದು ನಿಮಿಷಕ್ಕೆ ತೆಗೆದರೆ ತನ್ನದೇ ನೀರಿನಲ್ಲಿ ಮುಳುಗಿ ಕುಗ್ಗಿಹೋಗಿತ್ತು. ನೀರು ಇಂಗಿಸುವ ಹೊತ್ತಿಗೆ ಒಂದು ಬಟ್ಟಲಿನಷ್ಟು ಉಳಿದಿತ್ತು, ಅದೂ ಅಗಿಯುವ ಅಗತ್ಯವೇ ಇಲ್ಲದಷ್ಟು ಮೆತ್ತಗೆ. ಮಧ್ಯಾಹ್ನ ಅರ್ಧ ಮುದ್ದೆಯ ಜೊತೆ ಅದನ್ನು ಉಂಡವರು ನಾಲ್ಕು ಗಂಟೆಗೆ "ಏನಾದ್ರೂ ಇದೆಯೇನೇ ಬಾಯಾಡಿಸೋಕೆ?" ಎನ್ನುತ್ತ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರು. ಒಂದು ಮಾರಿ ಬಿಸ್ಕತ್ತಿನಲ್ಲಿ ನಾಲ್ಕು ಗ್ರಾಂ ಪಿಷ್ಟವಾದರೂ ಇರುತ್ತದೆ, ಆರು ತಿಂದರು. ಅರ್ಧ ಮುದ್ದೆ ಕೈಬಿಟ್ಟು ಉಳಿಸಿದ್ದು ಬಿಸ್ಕತ್ತಿನ ರೂಪದಲ್ಲಿ ಹೆಚ್ಚುಕಡಿಮೆ ವಾಪಸ್ಸಾಯಿತು.

ಎರಡನೇ ವಾರ ನಾನು ಫೋನ್ ಮಾಡಿ ಸ್ವಲ್ಪ ಗಟ್ಟಿ ತರಕಾರಿ ಕಳಿಸಿ ಎಂದೆ. ಒಂದು ಹೂಕೋಸು ಬಂತು. ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದರಿಂದ ಒಳಗೆ ಬೆವರಿ, ಹೂವಿನ ಮೇಲೆ ಸಾಸಿವೆಯಷ್ಟು ಗಾತ್ರದ ಕಪ್ಪು ಚುಕ್ಕೆಗಳೆದ್ದು, ಮೂರನೇ ಒಂದು ಭಾಗವನ್ನು ಕೆತ್ತಿ ಎಸೆಯಬೇಕಾಯಿತು. ತಂದುಕೊಟ್ಟ ಹುಡುಗನಿಗೆ ತೋರಿಸಿದರೆ, "ನಾನು ತರೋದಷ್ಟೇ ಅಮ್ಮ, ಪ್ಯಾಕ್ ಮಾಡೋರು ಬೇರೆ" ಎಂದ. ಅವನ ಮಾತೂ ನಿಜ. ಮೂರನೇ ವಾರದಲ್ಲಿ ಹುರುಳಿಕಾಯಿ ಬಂತಾದರೂ, ಅದರ ಜೊತೆಗೆ ಎರಡು ಸ್ವೀಟ್ ಕಾರ್ನ್ ತೆನೆಗಳನ್ನೂ ಅರ್ಧ ಕಿಲೋ ಗೆಣಸನ್ನೂ ಇಟ್ಟಿದ್ದರು. ಇವೆರಡರಲ್ಲೂ ನೂರು ಗ್ರಾಂಗೆ 20 ಗ್ರಾಂ ಆಸುಪಾಸು ಪಿಷ್ಟವಿದೆ, ಅಂದರೆ ಆಲೂಗಡ್ಡೆಗಿಂತ ಹೆಚ್ಚೇ. ಗಟ್ಟಿ ತರಕಾರಿ ಕೇಳಿದರೆ ಗಡ್ಡೆ ಕಳಿಸುವವರು ಬುಟ್ಟಿಗೆ ಇಟ್ಟ ಹೆಸರಿನ ಅರ್ಥವನ್ನೇ ಮರೆತಿದ್ದಾರೆ ಎಂದು ನನಗೆ ಅನ್ನಿಸಿತು. ಅದೇ ಚೀಟಿಯಲ್ಲಿ ಕ್ಯಾರೆಟ್ ಮತ್ತು ಬೀಟ್‌ರೂಟ್ ಬೇಡವೇ ಬೇಡ ಎಂದು ಕೆಂಪಕ್ಷರದಲ್ಲಿ ಬರೆದಿದ್ದರು! ಅವುಗಳಲ್ಲಿ ಹತ್ತು ಗ್ರಾಂ ಒಳಗೇ ಇದೆ. ಕೋಸಂಬರಿಗೆ ಅರ್ಧ ಕ್ಯಾರೆಟ್ ತುರಿದು ಹಾಕಿದ್ದಕ್ಕೆ ಹೆದರುವಂಥದ್ದೇನೂ ಇಲ್ಲ.

ಬುಟ್ಟಿ ಸಾಲದ ದಿನಗಳಲ್ಲಿ ನಾನು ಹಳೇ ಬಸ್ ನಿಲ್ದಾಣದ ಕಡೆಗೆ ಚೀಲ ಹಿಡಿದು ಹೋಗಿ ಬಿಡಿ ತರಕಾರಿ ತಂದೆ, ಮತ್ತು ಹೊಟ್ಟೆ ತುಂಬಿಸುವ ತರಕಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ. ನಮ್ಮ ಮನೆಯ ಮಟ್ಟಿಗೆ ಹುರುಳಿಕಾಯಿಯದೇ ಮೊದಲ ಸ್ಥಾನ. ನೂರು ಗ್ರಾಂನಲ್ಲಿ ಏಳು ಗ್ರಾಂ ಪಿಷ್ಟವಿದ್ದು ಸೋರೆಕಾಯಿಗೆ ಎರಡರಷ್ಟು ಎನಿಸಿದರೂ, ಅದರಲ್ಲಿ ಮೂರು ಗ್ರಾಂನಷ್ಟು ನಾರೇ ಆಗಿರುತ್ತದೆ. ಆ ನಾರು ರಕ್ತಕ್ಕೆ ಸಕ್ಕರೆಯಾಗಿ ಸೇರುವುದಿಲ್ಲ, ಅಗಿಯಲು ಹೊತ್ತು ಬೇಡುತ್ತದೆ, ಹೊಟ್ಟೆಯಿಂದ ಬೇಗ ಇಳಿಯುವುದೂ ಇಲ್ಲ. ಕೊಳ್ಳುವಾಗ ಒಂದು ಕಾಯನ್ನು ಮುರಿದು ನೋಡುತ್ತೇನೆ. ಟಪ್ಪನೆ ಮುರಿದರೆ ಎಳೆಯದು. ಬಾಗಿ, ಅಂಚಿನಲ್ಲಿ ದಾರದಂಥ ನಾರು ಎಳೆದರೆ ಬಲಿತದ್ದು. ಬಲಿತ ಕಾಯಿಯಲ್ಲಿ ಬೀಜ ದಪ್ಪವಾಗಿ ಪಿಷ್ಟವೂ ಏರಿರುತ್ತದೆ.

ಅದನ್ನು ಬಸ್ಸಾರು ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅರ್ಧ ಕಿಲೋ ಹುರುಳಿಕಾಯಿಗೆ ಒಂದು ಹಿಡಿ ತೊಗರಿಬೇಳೆ ಹಾಕಿ, ಬೇಳೆ ಕರಗದೆ ಹಿಸುಕಿದರೆ ಮಾತ್ರ ಮುರಿಯುವ ಹದಕ್ಕೆ ಬೇಯಿಸಿ, ನೀರನ್ನು ಬಸಿದುಕೊಳ್ಳಬೇಕು. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರಾಯಿತು, ಉಳಿದ ಕಾಯಿಬೇಳೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಬೇಳೆಯಲ್ಲಿ ಪಿಷ್ಟವೂ ಇದೆ ನಿಜ, ಆದರೆ ಒಂದು ಹಿಡಿಯಿಂದ ಬರುವ ಪ್ರೋಟೀನು ಆ ಪಲ್ಯಕ್ಕೆ ಕೊಡುವ ತಾಳಿಕೆಯನ್ನು ಬರಿಯ ತರಕಾರಿ ಕೊಡಲಾರದು. ನಮ್ಮ ಕಡೆ ಈ ಪಲ್ಯವನ್ನು ತಟ್ಟೆಯ ಅಂಚಿಗೆ ಎರಡು ಚಮಚ ಹಾಕಿ ಮುದ್ದೆಯನ್ನು ನಡುವೆ ಕೂರಿಸುವುದು ವಾಡಿಕೆ. ನಾನು ಅದನ್ನು ತಿರುವು ಮುರುವು ಮಾಡಿದೆ. ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಪಲ್ಯ ತಟ್ಟೆಯ ಅರ್ಧ. ಮೊದಲ ದಿನ ಯಜಮಾನರು ತಟ್ಟೆಯನ್ನು ನೋಡಿ ಏನೂ ಮಾತಾಡಲಿಲ್ಲ, ಆದರೆ ನಾಲ್ಕು ಗಂಟೆಗೆ ಡಬ್ಬಿಯ ಸದ್ದೂ ಬರಲಿಲ್ಲ.

ಎಲೆಕೋಸಿನಲ್ಲಿ ಆರು ಗ್ರಾಂ ಪಿಷ್ಟಕ್ಕೆ ಎರಡೂವರೆ ಗ್ರಾಂ ನಾರಿದೆ, ಬೆಲೆಯೂ ಕಡಿಮೆ. ಕೈಗೆತ್ತಿಕೊಂಡಾಗ ಗಾತ್ರಕ್ಕಿಂತ ಭಾರ ಎನಿಸುವ ಕೋಸು ಒಳ್ಳೆಯದು; ಅದನ್ನು ದಪ್ಪಗೆ ಹೆಚ್ಚಿ, ಕಚ್ಚಿದರೆ ಸದ್ದಾಗುವಷ್ಟಕ್ಕೇ ಇಳಿಸಬೇಕು. ನವಿಲುಕೋಸಿನಲ್ಲಿ ನಾರು ಇನ್ನೂ ಹೆಚ್ಚು, ಆದರೆ ಕ್ರಿಕೆಟ್ ಚೆಂಡಿಗಿಂತ ದಪ್ಪವಾದದ್ದನ್ನು ತಂದರೆ ಒಳಗೆ ಮರದಂತಿರುತ್ತದೆ. ಬದನೆಕಾಯಿ ಹೊಟ್ಟೆ ತುಂಬಿಸುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ. ಎಣ್ಣೆಗಾಯಿಯ ಬದಲು ಉಗಿಯಲ್ಲಿ ಬೇಯಿಸಿ ಹುಚ್ಚೆಳ್ಳು ಪುಡಿ ಬೆರೆಸಿದ ಪಲ್ಯ ನಮಗೆ ಒಗ್ಗಿತು. ಬೆಂಡೆಕಾಯಿ, ಗೋರಿಕಾಯಿ, ದಂಟಿನ ಸೊಪ್ಪು ಎಲ್ಲವೂ ಆಗುತ್ತವೆ. ಅವರೆಕಾಳು ಮತ್ತು ಹಸಿ ಬಟಾಣಿಯನ್ನು ಮಾತ್ರ ತರಕಾರಿಯ ಲೆಕ್ಕದಲ್ಲಿ ಹಿಡಿಯದೆ, ಅವುಗಳ ಸಾರು ಮಾಡಿದ ದಿನ ಮುದ್ದೆಯನ್ನು ಇನ್ನಷ್ಟು ಇಳಿಸುತ್ತೇನೆ.

ಬುಟ್ಟಿಯ ನೀರುಗಾಯಿಗಳು ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಬೂದುಗುಂಬಳದ ಮಜ್ಜಿಗೆಹುಳಿ ಒಂದು ಗಟ್ಟಿ ಪಲ್ಯದ ಜೊತೆಗೆ ಬಹಳ ಚೆನ್ನಾಗಿ ಹೊಂದುತ್ತದೆ, ಅದೇ ಊಟದ ಮುಖ್ಯ ಪದಾರ್ಥವಾದಾಗ ಹಸಿವು ನಿಲ್ಲುವುದಿಲ್ಲ. ಇನ್ನು ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಮ್ಮಂತೆ ಒಂದೇ ಸಲಕ್ಕೆ ಮುದ್ದೆಯನ್ನು ಅರ್ಧಕ್ಕೆ ಇಳಿಸಿದರೆ ಸಕ್ಕರೆ ತೀರಾ ಕೆಳಗಿಳಿಯುವ ಅಪಾಯವಿದೆ. ಅವರು ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಸೇವೆಯ ಬಗ್ಗೆ ನ್ಯಾಯವಾಗಿ ಹೇಳುವುದಾದರೆ, ಅವರು ನಾಲ್ಕು ವಾರವೂ ಬೆಳಿಗ್ಗೆ ಏಳೂವರೆಯೊಳಗೆ ತಪ್ಪದೆ ತಂದುಕೊಟ್ಟರು, ತೂಕದಲ್ಲಿ ಮೋಸವಿರಲಿಲ್ಲ, ಸೊಪ್ಪು ತಾಜಾ ಇತ್ತು. ಮೆಟ್ಟಿಲಿಳಿದು ಹೋಗಿ ತರಲಾಗದ ವಯಸ್ಸಾದವರಿಗೆ ಇದು ಅನುಕೂಲವೇ, ಆದರೆ ಅಂಥವರು ಸಿದ್ಧ ಬುಟ್ಟಿಯನ್ನು ಬಿಟ್ಟು, ತಮಗೆ ಬೇಕಾದ ತರಕಾರಿಯ ಪಟ್ಟಿಯನ್ನು ತಾವೇ ಕೊಟ್ಟು ತರಿಸಿಕೊಳ್ಳುವುದು ಮೇಲು. ಕೇಳಿದರೆ ಅದಕ್ಕೂ ಒಪ್ಪುತ್ತಾರೆ. ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಸಮಯಪಾಲನೆಗೆ. ನಾನು ಐದನೇ ವಾರಕ್ಕೆ ಹಣ ಕಟ್ಟಲಿಲ್ಲ. ಕೊನೆಯ ಬುಟ್ಟಿಯಲ್ಲೂ ಬಂದಿದ್ದ ಸ್ವೀಟ್ ಕಾರ್ನ್ ತೆನೆಗಳನ್ನು ಪಕ್ಕದ ಮನೆಯ ಮಕ್ಕಳು ಒಲೆಯ ಮೇಲೆ ಸುಟ್ಟುಕೊಂಡು ತಿಂದರು.