ಬೋಟ್ ಹತ್ತೋ ಸ್ಟೀಲ್ ಏಣಿ: ಮಾರಿಕಣಿವೆಲಿ ಮೂರು ವರ್ಷ ಬಳಸಿದ ಮೇಲೆ ಬರೀತಿದೀನಿ

ಈ ಏಣಿ ತಗೊಂಡಿದ್ದು 2022ರ ನವೆಂಬರಲ್ಲಿ, ಅಂದ್ರೆ ಹಿರಿಯೂರು ಹತ್ರದ ಮಾರಿಕಣಿವೆ ಡ್ಯಾಂ (ವಾಣಿವಿಲಾಸ ಸಾಗರ) ಕೋಡಿ ಬಿದ್ದು ಎರಡು ತಿಂಗಳಿಗೆ. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ 89 ವರ್ಷದಲ್ಲಿ ಅದೇ ಮೊದಲು, ಹಿರಿಯೂರು ಕಡೆ ಜನ ಜಾತ್ರೆಗೆ ಬಂದಂಗೆ ನೋಡೋಕೆ ಬಂದಿದ್ರು. ನಮಗೆ ಮಾತ್ರ ಆಗ ಬೇರೆನೇ ತಲೆನೋವು. ಅಷ್ಟು ದಿನ ಬೋಟ್ ಇಳಿಸ್ತಿದ್ದ ಗಟ್ಟಿ ನೆಲ ಎಲ್ಲ ನೀರೊಳಗೆ ಹೋಗಿ, ಹೊಸ ದಡ ಅಂದ್ರೆ ಜಾಲಿ ಮುಳ್ಳು ಮತ್ತೆ ಹೊಲದ ಮೆತ್ತನೆ ಮಣ್ಣು, ಅಲ್ಲಿ ನಿಂತು ಬೋಟಿಗೆ ಹತ್ತೋದು ಹೆಂಗೆ ಅನ್ನೋದೇ ದೊಡ್ಡ ಪ್ರಶ್ನೆ ಆಗೋಯ್ತು.

ಬೋಟ್ ಬಗ್ಗೆ ಮೊದಲು ಹೇಳ್ಬಿಡ್ತೀನಿ. 17 ಅಡಿ ಫೈಬರ್ ಬೋಟ್, ಮುಂದೆ ಒಬ್ರು ಮಲಗೋವಷ್ಟು ಸಣ್ಣ ಕ್ಯಾಬಿನ್, ಹಿಂದೆ 15 ಎಚ್‌ಪಿ ಎಂಜಿನ್, ಉಡುಪಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ನನ್ನ ಭಾವಂದು ಮೀನಿನ ಕೆಲಸ, ಬಲೆ ಹಾಕಿ ರಾತ್ರಿ ಅಲ್ಲೇ ಉಳಿಯೋಕೆ ಕ್ಯಾಬಿನ್ ಬೇಕಿತ್ತು, ಭಾನುವಾರ ಮನೆಯವರನ್ನೂ ಕರ್ಕೊಂಡು ಹೋಗ್ತೀವಿ. ನಮ್ಮ ಕಡೆ ಉಳಿದವರೆಲ್ಲ ತೆಪ್ಪದವರು, ತೆಪ್ಪಕ್ಕೆ ಏಣಿ ಯಾಕೆ ಬೇಕು, ದಡದಿಂದ ಕಾಲಿಟ್ರೆ ಒಳಗೆ. ಫೈಬರ್ ಬೋಟ್ ಹಂಗಲ್ಲ. ನೀರಲ್ಲಿದ್ದಾಗ ಅಂಚು ಎರಡಡಿ ಎತ್ತರ ಇರುತ್ತೆ, ಅದೇ ಬೋಟ್ ಜೀಪಿಗೆ ಸಿಕ್ಕಿಸಿ ಎಳೆಯೋ ಟ್ರೈಲರ್ ಮೇಲೆ ಕೂತ್ರೆ ನೆಲದಿಂದ ಐದೂವರೆ ಅಡಿ ಆಗುತ್ತೆ, ಹೆಚ್ಚುಕಮ್ಮಿ ನನ್ನ ಎತ್ತರ.

ಏಣಿಗೆ ಮುಂಚೆ ನಾವು ಹತ್ತುತಿದ್ದದ್ದು ಪ್ಲಾಸ್ಟಿಕ್ ಕುರ್ಚಿ ಇಟ್ಕೊಂಡು, ಇಲ್ಲಾಂದ್ರೆ ಟ್ರೈಲರ್ ಮಡ್‌ಗಾರ್ಡ್ ಮೇಲೆ ಕಾಲಿಟ್ಕೊಂಡು. ಎರಡೂ ತಪ್ಪು. ಮಡ್‌ಗಾರ್ಡ್ ಇರೋದು ಕೆಸರು ತಡೆಯೋಕೆ, ಮನುಷ್ಯನ ತೂಕ ಹೊರೋಕಲ್ಲ, ನಮ್ಮದು ಬಗ್ಗಿ ಟೈರಿಗೆ ಉಜ್ಜೋಕೆ ಶುರುವಾಗಿತ್ತು. ಕುರ್ಚಿ ವಿಷಯ ಇನ್ನೂ ಕೆಟ್ಟದು. ಆ ಆಗಸ್ಟಲ್ಲಿ ಭಾವ ಕುರ್ಚಿ ಮೇಲೆ ನಿಂತು ಅಂಚಿಗೆ ಕೈ ಹಾಕಿದ್ರು, ಹಸಿ ಮಣ್ಣಲ್ಲಿ ಕುರ್ಚಿದು ಒಂದು ಕಾಲು ಮೆಲ್ಲಗೆ ಇಳೀತು, ನಾನು ನೋಡ್ತಾನೇ ಇದ್ದೆ, ಮೂರು ಕಾಲು ಮೇಲೆ, ಒಂದು ಕಾಲು ಒಳಗೆ, ಅವರು ಕೈ ಬಿಡಲಿಲ್ಲ, ಇಡೀ ಮೈಭಾರ ಬಲಗೈ ಮೇಲೆ ಬಿದ್ದು ಭುಜ ತಿರುಚಿಕೊಳ್ತು. ಮೂರು ತಿಂಗಳು ಬಲೆ ಎಳೆಯೋಕೆ ಆಗಲಿಲ್ಲ ಅವರಿಗೆ. ಅಕ್ಕ ಅವತ್ತೇ ಖಡಾಖಂಡಿತ ಹೇಳಿದ್ರು, "ನೀರಿಗೆ ಬಿದ್ರೆ ಈಜ್ತೀರ, ನೆಲಕ್ಕೆ ಬಿದ್ರೆ ಏನ್ ಮಾಡ್ತೀರ? ಹತ್ತೋಕೆ ಏನಾದ್ರೂ ಮಾಡಿ, ಆಮೇಲೆ ಬೋಟ್ ತೆಗೀರಿ" ಅಂತ.

ಆಮೇಲೆ ಆನ್‌ಲೈನಲ್ಲಿ ಹುಡುಕಿ ತರಿಸಿದ್ದೇ ಈ ಏಣಿ. ಸ್ಟೇನ್‌ಲೆಸ್ ಸ್ಟೀಲ್, ನಾಲ್ಕು ಮೆಟ್ಟಿಲು, ಹಳೇ ರೇಡಿಯೋ ಆಂಟೆನಾ ಥರ ಒಂದರೊಳಗೊಂದು ಸೇರ್ಕೊಳ್ಳುತ್ತೆ, ಪೂರ್ತಿ ಎಳೆದ್ರೆ ನಾಲ್ಕಡಿ. ಆಗ 9,200 ಕೊಟ್ಟೆ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಇದೇ ನಮೂನೆ ಏಣಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತೆ, ನಾನು ಹೇಳೋ ಗುಣ ದೋಷ ಎಲ್ಲ ಆ ನಮೂನೆಗೇ ಸೇರಿದ್ದು.

ಜೊತೆಗೆ ಎರಡು ಕೊಕ್ಕೆ ಬಂದಿದ್ವು, ಬೋಟ್ ಸೈಡಿಗೆ ನೇತುಹಾಕಿ ಹತ್ತಬಹುದು ಅಂತ ಚಿತ್ರದಲ್ಲಿತ್ತು. ಮೊದಲ ತಿಂಗಳು ಹಂಗೇ ಮಾಡಿದ್ವಿ. ಬೋಟಿನ ಮೈ ಕೆಳಗೆ ಹೋಗ್ತಾ ಒಳಕ್ಕೆ ಬಾಗಿರುತ್ತಲ್ಲ, ಕಾಲಿಟ್ಟ ತಕ್ಷಣ ಏಣಿ ಬುಡ ಬೋಟಿನ ಅಡಿಗೆ ಜಾರುತ್ತೆ, ನಿಮ್ಮ ಕಾಲು ಮುಂದಕ್ಕೆ, ಬೆನ್ನು ಹಿಂದಕ್ಕೆ, ಬಾವಿ ಹಗ್ಗಕ್ಕೆ ಜೋತು ಬಿದ್ದಂಗೆ ಕೈಯಲ್ಲೇ ನೇತಾಡ್ಬೇಕು. ಅದರ ಮೇಲೆ ಹಗುರ ಬೋಟ್, ಒಂದು ಸೈಡಿಗೆ ತೂಕ ಬಿದ್ರೆ ಅದೂ ನಿಮ್ಮ ಕಡೆ ವಾಲುತ್ತೆ. ಭುಜ ನೋವಿರೋ ಭಾವನ ಕೈಲಂತೂ ಆಗಲೇ ಇಲ್ಲ. ಸಣ್ಣ ಬೋಟಿಗೆ ಸೈಡ್ ಏಣಿ ಬೇಡವೇ ಬೇಡ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಹಿಂದಕ್ಕೆ, ಎಂಜಿನ್‌ನಿಂದ ಒಂದೂವರೆ ಅಡಿ ಎಡಕ್ಕೆ ಶಾಶ್ವತವಾಗಿ ಕೂರಿಸಿದ ಮೇಲೆನೇ ಅದು ಏಣಿ ಅನ್ನಿಸಿಕೊಂಡಿದ್ದು. ಪ್ಯಾಕೆಟಲ್ಲಿ ಕೊಟ್ಟಿದ್ದು ಮರಕ್ಕೆ ಹೊಡೆಯೋ ಥರದ ಸ್ಕ್ರೂ, ಅದನ್ನ ಹಾಕಬೇಡಿ, ಫೈಬರ್ ಒಳಗೆ ಸ್ಕ್ರೂ ಹಿಡಿತ ಎಷ್ಟು ದಿನ ಇರುತ್ತೆ? ನಾವು ಆರಪಾರ ತೂತು ಹೊಡೆದು 8 ಎಂಎಂ ಬೋಲ್ಟ್ ಹಾಕಿ, ಒಳಗಡೆ ಅಂಗೈ ಅಗಲದ ಅಲ್ಯೂಮಿನಿಯಂ ಪ್ಲೇಟ್ ಕೊಟ್ಟು, ತೂತಿಗೆಲ್ಲ ಸೀಲೆಂಟ್ ತುಂಬಿ ಬಿಗಿ ಮಾಡಿದ್ವಿ. ಆಮೇಲೆ ಏಣಿ ಬೋಟಿನ ಮೈಗೆ ಅಂಟಿಕೊಂಡು ಬೆರಳಿಡೋಕೂ ಜಾಗ ಇರಲಿಲ್ಲ, ಅಂದ್ರೆ ಮೆಟ್ಟಿಲ ಮೇಲೆ ಬರೀ ಹೆಬ್ಬೆರಳ ತುದಿ ಮಾತ್ರ ನಿಲ್ತಿತ್ತು. ದಾವಣಗೆರೆ ಪಿ.ಬಿ. ರೋಡ್ ಕಡೆ ಪರಿಚಯದ ಲೇತ್ ಶಾಪ್ ಇದೆ, ಅಲ್ಲಿ ಎರಡು ಸ್ಟೀಲ್ ಕಾಲು ಮಾಡಿಸಿ ತುದಿಗೆ ಲಾರಿ ಟೈರ್ ತುಂಡು ಹಾಕಿಸಿ ಏಣಿ ಹಿಂದೆ ಕಟ್ಟಿದೆ. ಈಗ ಏಣಿಗೂ ಬೋಟಿಗೂ ಐದು ಇಂಚು ಸಂದು ಇದೆ, ಪಾದ ಅರ್ಧಕ್ಕೆ ಒಳಗೆ ಹೋಗಿ ಕೂರುತ್ತೆ. 600 ರೂಪಾಯಿ ಕೆಲಸ, ಆದ್ರೆ 9,200ರ ಏಣಿನ ಉಳಿಸಿದ್ದು ಅದೇ.

ನೀರಿಂದ ವಾಪಸ್ ಹತ್ತೋ ವಿಚಾರಕ್ಕೆ ಈ ಏಣಿಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಹಳೇ ಮೂರು ಮೆಟ್ಟಿಲ ಏಣಿ ಒಂದು ಬೋಟ್ ಜೊತೆನೇ ಬಂದಿತ್ತು, ಅದು ನೀರೊಳಗೆ ಒಂದಡಿ ಕೂಡ ಇಳೀತಿರಲಿಲ್ಲ. ನೀರಲ್ಲಿ ತೇಲ್ತಾ ಇರೋನು ಲೈಫ್ ಜಾಕೆಟ್ ಹಾಕ್ಕೊಂಡು, ಒದ್ದೆ ಪ್ಯಾಂಟಲ್ಲಿ, ಮೊಣಕಾಲನ್ನ ಎದೆ ತನಕ ಎತ್ತಿ ಮೆಟ್ಟಿಲಿಗೆ ಇಡೋದು ಸಾಧ್ಯನೇ ಇಲ್ಲ. ಕೊನೆ ಮೆಟ್ಟಿಲು ನೀರಿನ ಮಟ್ಟದಿಂದ ಕನಿಷ್ಠ 22 ಇಂಚು ಕೆಳಗಿರಬೇಕು ಅಂತ ಅಮೆರಿಕದ ಬೋಟ್ ಸುರಕ್ಷತೆ ಮಾನದಂಡದಲ್ಲಿ ಇದೆ, ನಮ್ಮದು 24 ಇಂಚು ಇಳಿಯುತ್ತೆ. ಕೊಳ್ಳೋ ಮುಂಚೆ ಟೇಪ್ ಹಿಡಿದು ಅಳೀರಿ, ಏಣಿ ಉದ್ದ ಅಲ್ಲ, ನೀರೊಳಗೆ ಎಷ್ಟು ಇಳಿಯುತ್ತೆ ಅನ್ನೋದನ್ನ.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ಬೋಟಲ್ಲಿ ಯಾರೂ ಇಲ್ಲ, ನೀವು ಒಬ್ರೇ ನೀರಿಗೆ ಬಿದ್ದಿದೀರ ಅಂದ್ಕೊಳ್ಳಿ, ನೀರಲ್ಲಿದ್ದುಕೊಂಡೇ ಏಣಿ ಬಿಚ್ಚಿ ಎಳೆಯೋಕೆ ಆಗುತ್ತಾ? ನಾವು ಮಾಡಿ ನೋಡಿದಾಗ ಆಗಲಿಲ್ಲ, ಮಡಚಿಟ್ಟ ಏಣಿನ ಬಿಗಿದಿದ್ದ ಪಟ್ಟಿ ಮೇಲ್ಗಡೆ, ಭಾವ ಕೈ ಚಾಚಿದ್ರೆ ಒಂದು ಗೇಣು ಕಮ್ಮಿ. ರಾತ್ರಿ ಹೊತ್ತು ಒಬ್ರೇ ಬಲೆ ಹತ್ರ ಇರೋ ಮನುಷ್ಯ ಅವರು, ಆ ಒಂದು ಗೇಣು ನೋಡಿ ನನಗೆ ಎದೆ ಧಸಕ್ ಅಂತು. ಹಿರಿಯೂರಲ್ಲಿ ಚಪ್ಪಲಿ ಹೊಲಿಯೋರ ಹತ್ರ ಕೆಂಪು ನೈಲಾನ್ ಪಟ್ಟಿ ಹೊಲಿಸಿ ನೀರಿಗೆ ತಾಗೋ ಹಂಗೆ ಇಳಿಬಿಟ್ಟಿದೀವಿ, ಒಂದು ಜಗ್ಗಿದ್ರೆ ಏಣಿ ಪೂರ್ತಿ ಕೆಳಗೆ ಬರುತ್ತೆ.

ಏಣಿ ಎಂಜಿನ್ ಪಕ್ಕದಲ್ಲೇ ಇರೋದ್ರಿಂದ ಯಾರೇ ಹತ್ತೋವಾಗ ಎಂಜಿನ್ ನ್ಯೂಟ್ರಲ್ ಅಲ್ಲ, ಪೂರ್ತಿ ಆಫ್, ಕಿತ್ರೆ ಎಂಜಿನ್ ನಿಂತುಹೋಗೋ ಸೇಫ್ಟಿ ಹಗ್ಗ ಕಿತ್ತು ಜೇಬಲ್ಲಿ. ನೀರೊಳಗಿರೋ ಎಂಜಿನ್ ಫ್ಯಾನ್ ತಿರುಗದೇ ಇದ್ರೂ ಅದರ ರೆಕ್ಕೆ ಕಾಲಿಗೆ ತಾಗಿದ್ರೆ ಕುಯ್ಯುತ್ತೆ.

ಟ್ರೈಲರ್ ಮೇಲಿದ್ದಾಗ ಮಾತ್ರ ಈ ಹಿಂದಿನ ಏಣಿ ಮುಟ್ಟಬೇಡಿ. ಇದನ್ನ ನಮ್ಮನೆ ಅಂಗಳದಲ್ಲೇ ಕಲಿತಿದ್ದು. ಟ್ರೈಲರನ್ನ ಜೀಪಿಂದ ಬಿಚ್ಚಿ ನಿಲ್ಸಿದ್ವಿ, ಅಕ್ಕನ ಮಗ ಹಿಂದಿನಿಂದ ಹತ್ತಿದ, ಎರಡನೇ ಮೆಟ್ಟಿಲಿಗೆ ಬರೋವಷ್ಟರಲ್ಲಿ ಮುಂದಿನ ಮೂತಿ, ಜೀಪಿಗೆ ಸಿಕ್ಕಿಸೋ ತುದಿ, ನೆಲ ಬಿಟ್ಟು ಮೇಲೆದ್ದುಬಿಡ್ತು. ಒಂದೇ ಜೋಡಿ ಚಕ್ರದ ಟ್ರೈಲರ್ ತಕ್ಕಡಿ ಇದ್ದಂಗೆ, ಎಂಜಿನ್ ತೂಕ ಮೊದಲೇ ಹಿಂದಿದೆ, ಅದರ ಮೇಲೆ ಮನುಷ್ಯ ಹತ್ತಿದ್ರೆ ತೂಗಿಬಿಡುತ್ತೆ. ನಾನು ಓಡಿ ಹೋಗಿ ಮೂತಿ ಮೇಲೆ ಕೂತೆ, ಅವನು ಇಳಿದ, ಯಾರಿಗೂ ಏನೂ ಆಗಲಿಲ್ಲ, ಆದ್ರೆ ಅವತ್ತಿಂದ ನಮ್ಮನೆಲಿ ಒಂದು ಕಟ್ಟುನಿಟ್ಟು: ಜೀಪಿಗೆ ಸಿಕ್ಕಿಸಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಎರಡೂ ಚಕ್ರಕ್ಕೆ ಮರದ ಅಡ್ಡೆ ಕೊಟ್ಟಿರಬೇಕು, ಆಮೇಲೇ ಯಾರಾದ್ರೂ ಕಾಲಿಡೋದು.

ಟ್ರೈಲರ್ ಮೇಲೆ ಹತ್ತೋ ಜಾಗ ಮುಂದಿನ ಮೂತಿ ಕಡೆ. ಅಲ್ಲಿ ತೂಕ ಬಿದ್ರೆ ಟ್ರೈಲರ್ ಇನ್ನೂ ಗಟ್ಟಿಯಾಗಿ ಕೂರುತ್ತೆ. ಬೋಟನ್ನ ಟ್ರೈಲರ್ ಮೇಲಕ್ಕೆ ಎಳೆಯೋ ವಿಂಚ್ ಕಂಬದ ಪಕ್ಕ ಎರಡು ಮೆಟ್ಟಿಲು ಮಾಡಿಸಿದೀವಿ, ಕಾಲು ಜಾರದಂಗೆ ಉಬ್ಬು ಗೆರೆ ಇರೋ ಚೆಕರ್ ಪ್ಲೇಟ್‌ದು, ಒಂದೊಂದೂ ಒಂದಡಿ ಅಗಲ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ನೆಟ್ಟಗೆ ಒಂದು ಪೈಪ್. ವೆಲ್ಡಿಂಗ್ ಮಾಡ್ತೀನಿ ಅಂದ್ರು, ನಾನು ಬೇಡ ಅಂದೆ, ಟ್ರೈಲರ್‌ಗೆ ಸತುವಿನ ಲೇಪ ಇದೆ, ಸುಟ್ಟ ಜಾಗದಿಂದಲೇ ತುಕ್ಕು ಶುರುವಾಗುತ್ತೆ, ಆ ಹೊಗೆ ಕುಡಿದ್ರೆ ವೆಲ್ಡರ್‌ಗೆ ಜ್ವರ ಬರುತ್ತೆ. ಯು-ಬೋಲ್ಟ್ ಹಾಕಿ ಬಿಗಿದಿದೀವಿ, ಮೂರು ವರ್ಷದಲ್ಲಿ ಎರಡು ಸಲ ನಟ್ ಟೈಟ್ ಮಾಡಿದ್ದು ಬಿಟ್ರೆ ಅಲುಗಾಡಿಲ್ಲ.

ಈ ಮುಂದಿನ ಮೆಟ್ಟಿಲು ಬಂದ ಮೇಲೆನೇ ನಮ್ಮವ್ವ ಬೋಟ್ ಹತ್ತಿದ್ದು. ಅವ್ವಂಗೆ 71, ಎಡ ಮೊಣಕಾಲು ಸವೆದಿದೆ, ಸೀರೆ ಬಿಟ್ಟು ಬೇರೆ ಉಡೋರಲ್ಲ. ಸ್ಟೀಲ್ ಏಣಿದು ಮೆಟ್ಟಿಲಿಂದ ಮೆಟ್ಟಿಲಿಗೆ 11 ಇಂಚು, ಮನೆ ಮೆಟ್ಟಿಲು 7 ಇಂಚು ಇರುತ್ತೆ, ಆ ನಾಲ್ಕು ಇಂಚು ನಮಗೆ ಗೊತ್ತೇ ಆಗಲ್ಲ, ಮೊಣಕಾಲು ನೋವಿರೋರಿಗೆ ಅದೇ ಗುಡ್ಡ. ಅದಕ್ಕೆ ಚೆಕರ್ ಪ್ಲೇಟ್ ಮೆಟ್ಟಿಲಿಗೆ ಮುಂಚೆ ಅಗಲ ಬುಡದ ಮರದ ಸ್ಟೂಲ್ ಒಂದು ಇಡ್ತೀವಿ, ಮಣ್ಣಲ್ಲಿ ಹೂತುಹೋಗದಂಗೆ ಅಡಿಗೆ ಪ್ಲೈವುಡ್ ಹಲಗೆ. ಅವ್ವ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗು ಬಿಗಿದು, ಬಲಗೈಯಲ್ಲಿ ಪೈಪ್ ಹಿಡಿದು, ಮೊದಲು ಒಳ್ಳೇ ಕಾಲು ಮೇಲಿಟ್ಟು ಆಮೇಲೆ ನೋವಿನ ಕಾಲು ಎಳ್ಕೊಳ್ತಾರೆ, ಇಳಿಯೋವಾಗ ಉಲ್ಟಾ, ನೋವಿನ ಕಾಲು ಮೊದಲು ಕೆಳಗೆ. ನಾನು ಹಿಂದೆ ನಿಂತಿರ್ತೀನಿ, ಕೈ ಹಿಡಿಯಲ್ಲ. ಕೈ ಹಿಡಿದು ಎಳೆದ್ರೆ ಅವರ ಬ್ಯಾಲೆನ್ಸ್ ನಮ್ಮ ಕೈಲಿರುತ್ತೆ, ಪೈಪ್ ಹಿಡಿದ್ರೆ ಅವರ ಕೈಲೇ ಇರುತ್ತೆ.

ದಡದಿಂದ ಹತ್ತೋದಕ್ಕೂ ಬೋಟಿನ ಮುಂದಿನ ಮೂತಿನೇ ಸರಿ. ಮಾರಿಕಣಿವೆಲಿ ಕಟ್ಟೆ ಕಟ್ಟಿದ ಇಳಿದಾಣ ನಾವು ಇಳಿಸೋ ಕಡೆ ಇಲ್ಲ, ನೀರು 130 ಅಡಿಗೆ ತುಂಬಿದಾಗ ಒಂದು ದಡ, ಬೇಸಿಗೆಲಿ ಇನ್ನೊಂದು ದಡ, 2025ರ ಜನವರಿಲಿ ಮತ್ತೆ ಕೋಡಿ ಬಿದ್ದಾಗ ಜಾಗ ಇನ್ನೊಂದ್ಸಲ ಬದಲಾಯಿಸಿದ್ವಿ. ಎಲ್ಲೇ ಆಗಲಿ ಬೋಟ್ ಮೂತಿನ ದಡಕ್ಕೆ ತಾಗಿಸಿ, ಹಿಂದೆ ಒಂದು ಲಂಗರು ಬಿಟ್ಟು, ಮುಂದಿನ ಹಗ್ಗ ಒಬ್ರು ಹಿಡಿದಿರಬೇಕು. ಹಗ್ಗ ಹಿಡಿಯೋರಿಲ್ಲದೆ ದಡದಿಂದ ನೆಗೆದ್ರೆ ನೀವು ಒದ್ದ ಬಲಕ್ಕೆ ಬೋಟ್ ಹಿಂದೆ ಸರಿಯುತ್ತೆ, ಒಂದು ಕಾಲು ದಡದಲ್ಲಿ ಒಂದು ಕಾಲು ಬೋಟಲ್ಲಿ, ಮಧ್ಯೆ ನೀರು. ಚೀಲ, ಡಬ್ಬಿ, ನೀರಿನ ಕ್ಯಾನ್ ಎಲ್ಲ ಮೊದಲು ಒಳಗೆ ಕೊಟ್ಟುಬಿಡಿ, ಎರಡೂ ಕೈ ಖಾಲಿ ಇರಲಿ. ಲೈಫ್ ಜಾಕೆಟ್ ದಡದಲ್ಲೇ ಹಾಕ್ಕೊಳ್ಳಿ, ಬೋಟಲ್ಲಿ ಕೂತ್ಮೇಲೆ ಅಲ್ಲ. ಜೂನ್ ಜುಲೈ ಗಾಳಿಲಿ ನಾವು ಮನೆಯವರನ್ನ ಕರ್ಕೊಂಡೇ ಹೋಗಲ್ಲ, ಚಿತ್ರದುರ್ಗದ ಗುಡ್ಡದ ಮೇಲೆಲ್ಲ ಗಾಳಿ ಫ್ಯಾನ್ ನಿಲ್ಸಿದಾರೆ ಅಂದ್ರೆ ಇಲ್ಲಿ ಗಾಳಿ ಎಂಥದ್ದು ಅಂತ ತಿಳ್ಕೊಳ್ಳಿ, ಮೂತಿ ಅರ್ಧ ನಿಮಿಷ ಒಂದು ಕಡೆ ನಿಲ್ಲಲ್ಲ.

ಸೂಳೆಕೆರೆಗೂ ಒಂದ್ಸಲ ತಗೊಂಡು ಹೋಗಿದ್ವಿ, ಅಲ್ಲಿ ನಾವು ಇಳಿಸಿದ ಕಡೆ ತುಂಬಾ ದೂರದವರೆಗೂ ಮೊಣಕಾಲುದ್ದ ನೀರೇ, ಅಂಥ ಕಡೆ ನಡ್ಕೊಂಡು ಹೋಗಿ ಹಿಂದಿನ ಏಣಿಲೇ ಹತ್ತೋದು ಸಲೀಸು.

ಇನ್ನು ತೊಂದರೆಗಳು. ಹದಿನಾಲ್ಕು ತಿಂಗಳಿಗೆ ಪೈಪ್ ಒಳಗೆ ಪೈಪ್ ಅಲುಗಾಡದಂಗೆ ಹಿಡಿಯೋ ಪ್ಲಾಸ್ಟಿಕ್ ಬಳೆ, ಅಂದ್ರೆ ಬುಷ್, ಸೀಳಿ ಏಣಿ ಲಟಲಟ ಅನ್ನೋಕೆ ಶುರುವಾಯ್ತು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬೇಗ ಬಂತು, ಬಿಡಿ ಭಾಗ ಸಿಗಲ್ಲ, ಹೊಸದು ತಗೊಳ್ಳಿ ಅಂತ. ನನಗೆ ನಿಜಕ್ಕೂ ಬೇಜಾರಾಯ್ತು, ಇಪ್ಪತ್ತು ರೂಪಾಯಿ ಪ್ಲಾಸ್ಟಿಕ್ಕಿಗೆ ಇಡೀ ಏಣಿ ಎಸೀಬೇಕಾ? ಅದೇ ಲೇತ್ ಶಾಪಲ್ಲಿ ನೈಲಾನ್ ಬುಷ್ ಕಡೆಸಿ ಹಾಕಿದೀವಿ, ಕಂಪನಿದಕ್ಕಿಂತ ಚೆನ್ನಾಗಿದೆ. ಮರಳು ಒಳಗೆ ಸೇರ್ಕೊಂಡ್ರೆ ಏಣಿ ಅರ್ಧದಲ್ಲೇ ನಿಂತ್ಬಿಡುತ್ತೆ, ಪ್ರತಿ ಸಲ ಬಂದ ಮೇಲೆ ಪೂರ್ತಿ ಎಳೆದು ಒಳ್ಳೇ ನೀರಲ್ಲಿ ತೊಳೀಬೇಕು, ಗ್ರೀಸ್ ಹಚ್ಚಬೇಡಿ, ಮರಳು ಅದಕ್ಕೇ ಅಂಟುತ್ತೆ. ಮೆಟ್ಟಿಲು ದುಂಡು ಪೈಪ್ ಆಗಿರೋದ್ರಿಂದ ಬರಿಗಾಲಲ್ಲಿ ಅಂಗಾಲು ನೋಯುತ್ತೆ, ಒದ್ದೆ ಆದ್ರೆ ಜಾರುತ್ತೆ, ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೀವಿ, ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು. ಈಗ ತಗೊಳ್ಳೋರು ಚಪ್ಪಟೆ ಅಗಲ ಮೆಟ್ಟಿಲಿಂದೇ ಹುಡುಕಿ, ಸಾವಿರ ಎರಡು ಸಾವಿರ ಜಾಸ್ತಿ ಆದ್ರೂ ಸರಿ. ಸ್ಟೀಲ್ ಬಗ್ಗೆ ಮಾತ್ರ ದೂರಿಲ್ಲ, ಸಿಹಿನೀರಲ್ಲಿ ಒಂದು ಚುಕ್ಕೆ ತುಕ್ಕು ಬಂದಿಲ್ಲ.

ಏಣಿಗೆ 5ಕ್ಕೆ ಮೂರೂವರೆ ಕೊಡ್ತೀನಿ, ಕಳೆದ ಅಂಕ ಎಲ್ಲ ಬುಷ್‌ದು, ದುಂಡು ಮೆಟ್ಟಿಲಿಂದು, ಆ ಸ್ಕ್ರೂದು. ಭಾವ ಈಗ ರಾತ್ರಿ ಒಬ್ರೇ ಹೋದಾಗಲೂ ಅಕ್ಕ ಫೋನ್ ಮಾಡಿ ಮೊದಲು ಕೇಳೋದು "ಪಟ್ಟಿ ಇಳಿಬಿಟ್ಟಿದೀರ?" ಅಂತ. ಅವ್ವ ಹೋದ ವಾರ ಇಳಿಯೋವಾಗ ಹೇಳಿದ್ರು, ಮೇಲಿನ ಮೆಟ್ಟಿಲಲ್ಲಿ ನಿಂತಾಗ ಪೈಪ್ ಕೈಗೆ ಸಾಲಲ್ಲ ಕಣೋ, ಇನ್ನೊಂದು ಗೇಣು ಮೇಲಕ್ಕೆ ಬೇಕು ಅಂತ. ಅಳತೆ ತಗೊಂಡಿದೀನಿ, ಸೋಮವಾರ ದಾವಣಗೆರೆಗೆ ಹೋಗೋನಿದೀನಿ, ಪೈಪ್ ಬದಲಾಯಿಸಿಕೊಂಡು ಬರ್ತೀನಿ.